ಹಿಮದ ಜಾರುಬಂಡೆ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಜಾರುಬಂಡೆಯೆಂದರೇನೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ಊರ ಹೊರಗೆ ಗುಂಡುಗಲ್ಲುಗಳ ನಡುವೆ ಇಳಿಜಾರಾಗಿ ಒರಗಿರುವ ಒಂದು ಹಾಸುಬಂಡೆ. ಅದರ ನಡುವೆ ತಲೆಮಾರುಗಳಿಂದ ಹುಡುಗರು ಕುಳಿತು ಜಾರಿ ಜಾರಿ ನುಣುಪು ಮಾಡಿರುವ ಪಟ್ಟೆ. ಸಂಜೆ ಮನೆಗೆ ಬಂದಾಗ ಚಡ್ಡಿಯ ಹಿಂಬದಿ ಹರಿದುದಕ್ಕಾಗಿ ತಾಯಿಯಿಂದ ದೊರೆಯುವ ಬಹುಮಾನ. ಆ ಆಟವನ್ನೇ ಕಲ್ಲಿನ ಬದಲು ಹಿಮದ ಮೇಲೆ, ಕಾಲುಗಳಿಗೆ ಎರಡು ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು, ನಿಂತು ಆಡಿದರೆ ಅದು ಸ್ಕೀಯಿಂಗ್ ಎನಿಸುವುದು. ಸ್ಕೀ ಎಂಬ ಮಾತು ಉತ್ತರ ಯೂರೋಪಿನ ನಾರ್ವೆ ದೇಶದ್ದು. ಅದರ ಮೂಲಾರ್ಥ ಸೀಳಿದ ಮರದ ತುಂಡು ಎಂದು. ಆ ಜನರು ಅದನ್ನು ಮೊದಲು ಕಟ್ಟಿಕೊಂಡುದು ಆಟಕ್ಕಲ್ಲ, ಹಿಮ ತುಂಬಿದ ಕಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದು ಹೋಗುವುದಕ್ಕೆ.

ಬಿಸಿಲ ಸೀಮೆಯ ಗೃಹಸ್ಥರಿಗೆ ಹಿಮದ ಆಟದ ಗೊಡವೆ ಏತಕ್ಕೆ ಎಂದು ಹಿರಿಯರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕೊಡಗಿನ ನಾಪೋಕ್ಲಿನ ಕಡೆಯ ರೈತ ಕುಟುಂಬದಿಂದ ಬಂದ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯು ೨೦೨೪ರ ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಿನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕದ ಪರವಾಗಿ ಚಿನ್ನದ ಪದಕವನ್ನು ಗೆದ್ದ ಮೇಲೆ, ಇದು ನಮ್ಮದಲ್ಲದ ಆಟವೆಂದು ತಳ್ಳಿಹಾಕುವುದು ಕಷ್ಟವಾಗಿದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಕಡೆಯ ಮಕ್ಕಳೂ ಈಗ ಚಳಿಗಾಲದಲ್ಲಿ ಹತ್ತು ಹದಿನೈದು ದಿನಗಳ ರಜೆ ತೆಗೆದುಕೊಂಡು ಉತ್ತರಕ್ಕೆ ಹೋಗಬಯಸುವರು. ಊರಿನಲ್ಲಿರುವ ತಂದೆತಾಯಿಗಳಿಗೆ ಒಂದು ದೂರವಾಣಿ ಕರೆ ಬರುವುದು. ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಅವರು ಹೂಂ ಎನ್ನುವರು. ಹೂಂ ಎನ್ನುವ ಮೊದಲು ಕೇಳಬೇಕಾದ ಪ್ರಶ್ನೆಗಳು ಯಾವುವೆಂಬುದನ್ನು ಈ ತಿಂಗಳು ಬರೆಯುತ್ತೇವೆ.

ನಮ್ಮವರಿಗೆ ಬೆಟ್ಟದ ವಾಸವೇನೂ ಹೊಸದಲ್ಲ. ಬಳ್ಳಾರಿಯ ದಂಡಿನಲ್ಲಿದ್ದ ಆಂಗ್ಲ ಸಿಪಾಯಿಗಳು ಬೇಸಗೆಯ ತಾಪವನ್ನು ತಾಳಲಾರದೆ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಡೂರಿನ ರಾಮನದುರ್ಗವನ್ನು ಆರೋಗ್ಯಧಾಮವಾಗಿ ಮಾಡಿಕೊಂಡಿದ್ದರು. ಸಮುದ್ರಮಟ್ಟಕ್ಕಿಂತ ಸುಮಾರು ಒಂದು ಸಾವಿರ ಮೀಟರು ಎತ್ತರದ ಆ ಬೆಟ್ಟದಲ್ಲಿ ಮಳೆಗಾಲದ ಮುಂಜಾವಿನ ಮಂಜು ಕಾಣಬಹುದು. ಹಿಮವನ್ನು ಅಲ್ಲಿ ಯಾರೂ ಕಂಡುದಿಲ್ಲ. ಹಾಗಾದರೆ ಇನ್ನೂ ಎತ್ತರಕ್ಕೆ ಹೋದರೆ ಹಿಮ ಸಿಕ್ಕೀತೇ? ಇಲ್ಲಿಯೇ ಒಂದು ಕೌತುಕವಿದೆ. ನೀಲಗಿರಿಯ ದೊಡ್ಡಬೆಟ್ಟದ ಎತ್ತರ ೨,೬೩೭ ಮೀಟರು. ಗುಲ್ಮಾರ್ಗಿನ ಹುಲ್ಲುಗಾವಲಿನ ಎತ್ತರ ಹೆಚ್ಚುಕಡಿಮೆ ೨,೬೫೦ ಮೀಟರು. ಎರಡೂ ಸರಿಸಮವೇ. ಆದರೂ ದೊಡ್ಡಬೆಟ್ಟದ ಕಡೆ ಜನವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದಷ್ಟೇ ಹೊರತು, ಗುಲ್ಮಾರ್ಗಿನಂತೆ ಆಳೆತ್ತರ ಹಿಮ ಬೀಳದು. ಸಾವಿರ ಮೀಟರು ಏರಿದಂತೆ ಗಾಳಿಯು ಸುಮಾರು ಆರೂವರೆ ಡಿಗ್ರಿ ತಣ್ಣಗಾಗುವುದು ಎರಡೂ ಕಡೆ ಒಂದೇ. ಆದರೆ ಒಂದು ಭೂಮಧ್ಯರೇಖೆಗೆ ಹತ್ತಿರ, ಇನ್ನೊಂದು ಬಹು ದೂರ. ಅಲ್ಲದೆ ಚಳಿ ಬಲವಾಗಿರುವ ತಿಂಗಳುಗಳಲ್ಲಿ ನೀಲಗಿರಿಯ ಆಕಾಶ ಬರಿದು; ಕಾಶ್ಮೀರಕ್ಕಾದರೋ ಅದೇ ಮಳೆಗಾಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫಘಾನಿಸ್ಥಾನಗಳನ್ನು ದಾಟಿ ಬರುವ ಮೋಡಗಳ ಸಾಲುಗಳು ಡಿಸೆಂಬರಿನಿಂದ ಮಾರ್ಚಿಯವರೆಗೆ ಒಂದರ ಹಿಂದೊಂದು ಹಿಮಾಲಯಕ್ಕೆ ಬಡಿಯುವುವು. ಹವಾಮಾನ ಶಾಸ್ತ್ರಜ್ಞರು ಇವನ್ನು ಪಶ್ಚಿಮದ ಪ್ರಕ್ಷೋಭೆಗಳೆಂದು ಕರೆಯುವರು. ಅವು ಬಂದರೆ ಹಿಮ. ಬಾರದಿದ್ದರೆ ಬರೀ ಒಣಚಳಿ.

ಈ ಒಂದು ಮಾತನ್ನು ನಮ್ಮ ಸೀಮೆಯವರು ಬೇರೆ ಯಾರಿಗಿಂತಲೂ ಬೇಗ ಗ್ರಹಿಸುವರೆಂದು ನಮ್ಮ ನಂಬಿಕೆ. ರೋಹಿಣಿ ಹೋಯಿತು, ಮೃಗಶಿರೆಯೂ ಹೋಯಿತು, ಆರಿದ್ರೆಯಾದರೂ ಹುಯ್ದೀತೇ ಎಂದು ಕಾಯುವವರು ನಾವು. ಕಾಶ್ಮೀರಿಗಳಿಗೂ ಹೀಗೆಯೇ ಒಂದು ಲೆಕ್ಕವುಂಟು. ಡಿಸೆಂಬರ್ ೨೧ರಿಂದ ಜನವರಿ ೩೦ರವರೆಗಿನ ನಲವತ್ತು ದಿನಗಳಿಗೆ ಚಿಲ್ಲೈ ಕಲಾನ್, ಅಂದರೆ ಹಿರಿಯ ಚಳಿ ಎಂದು ಹೆಸರು. ಅದರ ಮುಂದಿನ ಇಪ್ಪತ್ತು ದಿನಗಳು ಚಿಲ್ಲೈ ಖುರ್ದ್, ಕಿರಿಯ ಚಳಿ. ಕೊನೆಯ ಹತ್ತು ದಿನಗಳು ಚಿಲ್ಲೈ ಬಚ್ಚಾ, ಕೂಸುಚಳಿ. ಹಿರಿಯ ಚಳಿಯಲ್ಲಿ ಬಿದ್ದ ಹಿಮವು ಗಟ್ಟಿಯಾಗಿ ನೆಲ ಹಿಡಿದು ಬೇಸಗೆಯವರೆಗೆ ಉಳಿದು ಹೊಳೆತೊರೆಗಳಿಗೆ ನೀರು ಕೊಡುವುದು. ತಡವಾಗಿ ಬಿದ್ದುದು ಬೇಗ ಕರಗಿ ಹರಿದುಹೋಗುವುದು. ಹದ ತಪ್ಪಿ ಬಂದ ಮಳೆಯಿಂದ ಶೇಂಗಾ ಬೆಳೆಗೆ ಏನು ಪ್ರಯೋಜನವೆಂಬುದನ್ನು ಬಲ್ಲವರಿಗೆ ಇದನ್ನು ಮತ್ತೆ ಹೇಳಬೇಕೇ?

ಆ ಮಳೆಯೇ ಈಚೆಗೆ ಕೈಕೊಡತೊಡಗಿದೆ. ೨೦೨೪ರ ಜನವರಿಯಲ್ಲಿ, ಹಿರಿಯ ಚಳಿಯ ನಟ್ಟನಡುವೆ, ಗುಲ್ಮಾರ್ಗಿನ ಇಳಿಜಾರುಗಳು ಒಣಹುಲ್ಲಿನ ಕಂದುಬಣ್ಣದಲ್ಲಿದ್ದವು. ಹಿಮ ಬಿದ್ದುದು ಆ ತಿಂಗಳ ಕೊನೆಯ ದಿನಗಳಲ್ಲಿ. ೨೦೨೫ರಲ್ಲಿ ಖೇಲೋ ಇಂಡಿಯಾ ಕ್ರೀಡೆಗಳ ಗುಲ್ಮಾರ್ಗಿನ ಭಾಗವನ್ನು ಫೆಬ್ರವರಿ ೨೨ಕ್ಕೆ ಗೊತ್ತುಮಾಡಿದ್ದರು. ಹಿಮ ಸಾಲದೆ ಮುಂದೂಡಿ ಮಾರ್ಚಿ ೯ರಿಂದ ೧೨ರವರೆಗೆ ನಡೆಸಬೇಕಾಯಿತು. ಹಿಮಾಲಯದ ಚಳಿಗಾಲಗಳು ಮೊದಲಿಗಿಂತ ಬೆಚ್ಚಗಾಗುತ್ತಿರುವುದರಿಂದ ತಗ್ಗಿನ ಇಳಿಜಾರುಗಳಲ್ಲಿ ಹಿಂದೆ ಹಿಮವಾಗಿ ಬೀಳುತ್ತಿದ್ದುದು ಈಗ ಎಷ್ಟೋ ವೇಳೆ ಮಳೆಯಾಗಿ ಬೀಳುವುದು.

ಪ್ರವಾಸಿಯು ಒಂದು ವರ್ಷ ಹಿಮ ಕಾಣದೆ ಹಿಂದಿರುಗಿದರೆ ಅವನಿಗೆ ಆಗುವ ನಷ್ಟ ಟಿಕೆಟಿನ ಹಣವಷ್ಟೇ. ಆದರೆ ಕಲಿಸುವ ಗುರುಗಳು, ಹಲಗೆಗಳನ್ನು ಹೊತ್ತು ತರುವ ಆಳುಗಳು, ಕುದುರೆಯವರು, ಬಿಸಿ ಚಹದ ಅಂಗಡಿಯವರು, ಇವರ ಇಡೀ ವರ್ಷದ ಗಂಜಿ ಆ ಎರಡು ಮೂರು ತಿಂಗಳ ಹಿಮದಲ್ಲಿದೆ. ಬರ ಬಿದ್ದ ವರ್ಷ ಮನೆಗೆ ಬೀಗ ಹಾಕಿ ಕಾಫಿಯ ಸೀಮೆಗೋ ಬೆಂಗಳೂರಿಗೋ ಗುಳೇ ಹೋಗುವ ಸಂಸಾರಗಳನ್ನು ನಾವು ನಮ್ಮ ಬೀದಿಗಳಲ್ಲಿಯೇ ಕಾಣುತ್ತಿರುವೆವು. ಹಿಮ ಬಾರದ ಬೆಟ್ಟದ ಮೇಲಿನ ಕೂಲಿಯವನ ಮುಖವನ್ನು ಊಹಿಸಿಕೊಳ್ಳಲು ನಮಗೆ ಚಿತ್ರಪಟ ಬೇಕಿಲ್ಲ. ಹೂವಿನಹಡಗಲಿಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳಿ ನಮ್ಮವರು ವರ್ಷದ ಮಳೆಬೆಳೆಯನ್ನು ಲೆಕ್ಕ ಹಾಕುವರು. ಗುಲ್ಮಾರ್ಗಿಗೆ ಅಂಥ ಗೊರವಯ್ಯನಿಲ್ಲ. ಹವಾಮಾನ ಇಲಾಖೆಯ ನಾಲ್ಕೈದು ದಿನಗಳ ಮುನ್ಸೂಚನೆಯೇ ಅಲ್ಲಿನ ಕಾರಣಿಕ. ಅದನ್ನು ಹೊರಡುವ ಮುನ್ನ ತಪ್ಪದೆ ನೋಡತಕ್ಕುದು.

ಇನ್ನು ಸ್ಥಳಗಳ ವಿಷಯ. ಗುಲ್ಮಾರ್ಗಿನಲ್ಲಿ ಈ ಆಟವನ್ನು ಆಂಗ್ಲ ಸೇನಾಧಿಕಾರಿಗಳು ನೆಲೆಗೊಳಿಸಿದರು. ೧೯೨೭ರಲ್ಲಿ ಅವರು ಅಲ್ಲೊಂದು ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು. ಈಗ ಅಲ್ಲಿ ಕೇಂದ್ರ ಸರಕಾರದ ಪ್ರವಾಸ ಇಲಾಖೆಗೆ ಸೇರಿದ ಒಂದು ಸ್ಕೀಯಿಂಗ್ ಮತ್ತು ಪರ್ವತಾರೋಹಣ ಶಿಕ್ಷಣ ಸಂಸ್ಥೆಯಿದೆ. ಹಗ್ಗದ ಮೇಲೆ ತೇಲುವ ತೊಟ್ಟಿಲು ಗಾಡಿಯ ಮೊದಲನೆಯ ಹಂತವನ್ನು ೧೯೯೮ರಲ್ಲಿಯೂ ಎರಡನೆಯದನ್ನು ೨೦೦೫ರಲ್ಲಿಯೂ ತೆರೆದರು; ಎರಡನೆಯದು ಅಫರ್ವತ್ ಬೆಟ್ಟದ ಮೇಲೆ ನಾಲ್ಕು ಸಾವಿರ ಮೀಟರಿಗೆ ಸಮೀಪದವರೆಗೆ ಒಯ್ಯುವುದು. ೨೦೨೨ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ಆಟಗಾರರಾಗಿದ್ದ ಆರಿಫ್ ಖಾನರು ಗುಲ್ಮಾರ್ಗಿನ ಕೆಳಗಿನ ತಂಗ್ಮಾರ್ಗಿನವರು. ಉತ್ತರಾಖಂಡದ ಔಲಿಯು ಬದರಿಯಾತ್ರೆ ಮಾಡಿದವರಿಗೆಲ್ಲ ಪರಿಚಿತವಾದ ಜೋಶಿಮಠದ ಮೇಲಿದೆ. ಎದುರಿಗೇ ೭,೮೧೬ ಮೀಟರಿನ ನಂದಾದೇವಿಯ ದರ್ಶನ. ೨೦೧೧ರ ಜನವರಿಯಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡೆಗಳು ಅಲ್ಲಿ ನಡೆದವು. ೨೦೨೩ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ಹಗ್ಗದ ಗಾಡಿಯನ್ನು ನಿಲ್ಲಿಸಲಾಯಿತು. ಅತ್ತ ಹೋಗುವವರು ರಸ್ತೆಯ ದಾರಿಯನ್ನೇ ನಂಬಿ ಹೊರಡುವುದು ಕ್ಷೇಮ. ಹಿಮಾಚಲದ ಸೋಲಂಗ್ ಕಣಿವೆಯಲ್ಲಿಯೂ ಈ ಆಟವನ್ನು ಕಲಿಸುವರು. ಆದರೆ ಮನಾಲಿಯ ಜನಜಂಗುಳಿಯೆಲ್ಲ ಅಲ್ಲಿಗೇ ಬರುವುದರಿಂದ ಕಲಿಯುವವರಿಗೆ ಅದು ಅಷ್ಟು ಅನುಕೂಲವೆಂದು ನಮಗೆ ತೋರದು.

ಉಪಕರಣಗಳನ್ನು ಮೊದಲ ವರ್ಷವೇ ಕೊಳ್ಳಬಾರದು. ಹಲಗೆ, ಪಾದರಕ್ಷೆ, ಕೈಗೋಲು, ತಲೆಗೆ ಗಟ್ಟಿ ಟೋಪಿ ಎಲ್ಲವೂ ಅಲ್ಲಿಯೇ ಬಾಡಿಗೆಗೆ ದೊರೆಯುವುವು. ಹೊಸಬರಿಗೆ ಹಲಗೆಯು ನೆಲಕ್ಕೆ ನಿಲ್ಲಿಸಿದರೆ ಗದ್ದದವರೆಗೆ ಬರುವಷ್ಟಿದ್ದರೆ ಸಾಕು. ಉದ್ದ ಹೆಚ್ಚಿದಷ್ಟೂ ವೇಗ ಹೆಚ್ಚು, ಹಿಡಿತ ಕಡಮೆ. ಪಾದರಕ್ಷೆಯು ಕಣಕಾಲನ್ನು ಕಬ್ಬಿಣದಂತೆ ಹಿಡಿಯುವುದು. ಸಡಿಲವಾಗಿದ್ದರೆ ಹಿತವೆಂದು ದೊಡ್ಡ ಅಳತೆಯದನ್ನು ಆರಿಸಿಕೊಂಡವರು ಮಾರನೆಯ ದಿನವೇ ಕಾಲಿನ ಬೊಬ್ಬೆಗಳನ್ನು ಎಣಿಸುತ್ತ ಕೋಣೆಯಲ್ಲಿ ಕುಳಿತಿರುವರು. ಪಾದರಕ್ಷೆಯನ್ನೂ ಹಲಗೆಯನ್ನೂ ಕೂಡಿಸುವ ಕೊಂಡಿಯೊಂದಿದೆ; ಬಿದ್ದಾಗ ಅದು ತಾನಾಗಿ ಕಳಚಿಕೊಂಡರೆ ಮೊಣಕಾಲು ಉಳಿಯಿತು, ಕಳಚದಿದ್ದರೆ ತಿರುಚಿತು. ಅದನ್ನು ಬಿಗಿಮಾಡುವುದು ಆಡುವವರ ತೂಕ, ಅನುಭವಗಳನ್ನು ನೋಡಿ. ಆದುದರಿಂದ ಅಂಗಡಿಯವನು ತೂಕ ಕೇಳಿದರೆ ನಿಜವನ್ನೇ ಹೇಳಬೇಕು. ಇಲ್ಲಿ ನಾಚಿಕೆ ಬೇಡ.

ಬಟ್ಟೆಯನ್ನು ಮಾತ್ರ ಮನೆಯಿಂದಲೇ ಒಯ್ಯಬೇಕು, ಅದರಲ್ಲಿಯೂ ಹತ್ತಿಯದನ್ನು ಮನೆಯಲ್ಲಿಯೇ ಬಿಡಬೇಕು. ಹತ್ತಿ ಬೆಳೆಯುವ ನಾಡಿನಲ್ಲಿ ಕುಳಿತು ಹೀಗೆ ಬರೆಯುವುದು ಸ್ವಲ್ಪ ವಿಚಿತ್ರವೇ. ಬೆವರು ಹೀರುವುದೆಂಬ ಗುಣಕ್ಕಾಗಿಯೇ ನಾವು ಬಿಸಿಲಿನಲ್ಲಿ ಹತ್ತಿಯನ್ನು ಮೆಚ್ಚುವೆವು. ಹಿಮದಲ್ಲಿ ಆ ಗುಣವೇ ಶತ್ರು. ಹೀರಿದ ಬೆವರನ್ನು ಅದು ಬಿಡದೆ ಮೈಗೆ ಅಂಟಿಸಿಕೊಂಡು ಕೂಡುವುದು, ಆಟ ನಿಂತೊಡನೆ ಮೈ ಹೆಪ್ಪುಗಟ್ಟುವುದು. ಉಣ್ಣೆಯ ಗುಣ ಬೇರೆ. ನಮ್ಮ ಕುರಿಗಾಹಿಯು ಮಳೆಯಲ್ಲಿ ನೆನೆದ ಕಂಬಳಿಯನ್ನೇ ಕೊಪ್ಪೆಯಾಗಿ ಹೊದ್ದು ಬೆಚ್ಚಗೆ ನಿಂತಿರುವುದನ್ನು ಯಾರು ನೋಡಿಲ್ಲ? ಒದ್ದೆಯಾದರೂ ಉಣ್ಣೆಯ ಸುರುಳಿ ಎಳೆಗಳ ನಡುವೆ ಗಾಳಿ ಉಳಿದು ಶಾಖವನ್ನು ಕಾಯುವುದು. ಮೈಗೆ ಹತ್ತಿ ತೆಳುವಾದ ಉಣ್ಣೆಯ ಅಂಗಿ, ಅದರ ಮೇಲೆ ದಪ್ಪನೆಯದೊಂದು, ಎಲ್ಲಕ್ಕೂ ಮೇಲೆ ಗಾಳಿನೀರು ತಡೆಯುವ ಹೊರ ಅಂಗಿ, ಹೀಗೆ ಮೂರು ಪದರವಿದ್ದರೆ ಬಿಸಿಲೇರಿದಾಗ ಒಂದನ್ನು ತೆಗೆಯಬಹುದು. ಒಂದೇ ಭಾರಿ ಕೋಟು ಹೊತ್ತವನಿಗೆ ಆ ಸೌಕರ್ಯವಿಲ್ಲ. ಕೈಗವಸು ಎರಡು ಜೊತೆ. ಕಪ್ಪು ಕನ್ನಡಕವು ಶೋಕಿಗಾಗಿ ಅಲ್ಲ: ಹೊಸ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹಿಂದಕ್ಕೆ ಎರಚುವುದರಿಂದ ಬರಿಗಣ್ಣಿನಲ್ಲಿ ಒಂದು ಹಗಲು ಕಳೆದವರಿಗೆ ರಾತ್ರಿ ಕಣ್ಣಿನಲ್ಲಿ ಮರಳು ತುಂಬಿದಂತಾಗಿ ನೋಟವೇ ಮಂಕಾಗಬಹುದು. ಬಿಸಿಲಿನಲ್ಲಿ ಹುಟ್ಟಿದ ಮೈ ನಮ್ಮದು, ನಮಗೇನಾದೀತು ಎಂಬ ಧೈರ್ಯ ಅಲ್ಲಿ ನಡೆಯದು.

ಮನೆಯ ಹಿರಿಯರು ಒತ್ತಿ ಹೇಳಬೇಕಾದ ಮಾತು ಇನ್ನೊಂದಿದೆ. ರಾತ್ರಿ ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಮಲಗಬಾರದು. ವಾಸನೆಯಿಲ್ಲದ ವಿಷವಾಯುವು ನಿದ್ರೆಯಲ್ಲಿಯೇ ಪ್ರಾಣ ತೆಗೆಯುವುದು.

ಹಿಮವೆಲ್ಲ ಒಂದೇ ಬಗೆಯದೆಂದು ತಿಳಿಯಬಾರದು. ರಾತ್ರಿ ಬಿದ್ದ ಹೊಸ ಹಿಮವು ಹಿಂಜಿದ ಅರಳೆಯಂತೆ ಹಗುರು. ಹತ್ತು ಅಂಗುಲ ಬಿದ್ದುದನ್ನು ಕರಗಿಸಿದರೆ ಸಾಧಾರಣವಾಗಿ ಒಂದು ಅಂಗುಲ ನೀರಾಗುವುದು. ನೋಡಲು ಇದೇ ಅತಿ ಚೆಲುವು, ಆದರೆ ಹೊಸಬರ ಹಲಗೆ ಅದರಲ್ಲಿ ಹೂತುಹೋಗುವುದು. ಒತ್ತಿ ಸಮಮಾಡಿದ ಇಳಿಜಾರೇ ಕಲಿಯಲು ತಕ್ಕುದು. ಹಗಲು ಕರಗಿ ಇರುಳು ಹೆಪ್ಪುಗಟ್ಟಿದುದು ಬೆಳಿಗ್ಗೆ ನಮ್ಮ ಜಾರುಬಂಡೆಗಿಂತ ಗಟ್ಟಿ. ಅದೇ ಮಧ್ಯಾಹ್ನಕ್ಕೆ ನೀರು ಹೆಚ್ಚಾದ ರಾಗಿಹಿಟ್ಟಿನಂತೆ ಕಾಲಿಗೆ ಮೆತ್ತುವುದು. ಮೊದಲ ದಿನ ಕಲಿಸುವ ಪಾಠ ನಿಲ್ಲುವುದು, ಓಡುವುದಲ್ಲ. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿ ಒಳಅಂಚುಗಳನ್ನು ಒತ್ತಿದರೆ ವೇಗ ತಗ್ಗುವುದು. ಹಿಮವನ್ನು ನೇಗಿಲಿನಂತೆ ಇಬ್ಬದಿಗೆ ತಳ್ಳುವುದರಿಂದ ಆಂಗ್ಲರು ಇದಕ್ಕೆ ಹಿಮನೇಗಿಲೆಂಬ ಅರ್ಥದ ಹೆಸರನ್ನೇ ಇಟ್ಟಿರುವರು. ಬೀಳುವುದು ನಿಶ್ಚಯವೆನಿಸಿದಾಗ ಹಿಂದಕ್ಕೆ ಬೀಳದೆ ಪಕ್ಕಕ್ಕೆ, ಸೊಂಟದ ಮೇಲೆ ಬೀಳುವುದನ್ನು ಅಭ್ಯಾಸ ಮಾಡಬೇಕು.

ಭವಾನಿಯವರು ಗೆದ್ದುದು ಇಳಿಜಾರಿನ ಆಟದಲ್ಲಲ್ಲ, ದೂರದ ಓಟದಲ್ಲಿ. ಅಲ್ಲಿ ಹಲಗೆ ಸಪುರ, ಪಾದರಕ್ಷೆ ಹಗುರ, ಹಿಮ್ಮಡಿ ಬಿಡಿಯಾಗಿದ್ದು ಮುಂಗಾಲಷ್ಟೇ ಹಲಗೆಗೆ ಕೂಡಿರುವುದು. ಏರು, ಸಮ, ಇಳಿಜಾರು ಎಲ್ಲವನ್ನೂ ಸ್ವಂತ ಬಲದಿಂದಲೇ ದಾಟಬೇಕು. ಹಿಮವಿಲ್ಲದ ತಿಂಗಳುಗಳಲ್ಲಿ ಈ ಓಟದವರು ಚಕ್ರ ಹಾಕಿದ ಹಲಗೆಗಳನ್ನು ಕಟ್ಟಿಕೊಂಡು ಟಾರು ರಸ್ತೆಯ ಮೇಲೆ ಅಭ್ಯಾಸ ಮಾಡುವುದುಂಟು. ನಮ್ಮ ಅಭಿಪ್ರಾಯದಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಇದೇ ಹೆಚ್ಚು ಒಗ್ಗುವ ಆಟ. ದಾವಣಗೆರೆ, ಹರಿಹರಗಳಿಂದ ಕೊಟ್ಟೂರಿನ ತೇರಿಗೆ ಹಗಲಿರುಳು ಕಾಲ್ನಡಿಗೆಯಲ್ಲಿ ಬರುವ ಜನರ ಮಕ್ಕಳಿಗೆ ಉಸಿರಿನ ದಮ್ಮು ಹುಟ್ಟಿನಿಂದಲೇ ಬಂದಿದೆ. ಅಪಾಯವೂ ಇದರಲ್ಲಿ ಕಡಮೆ, ಖರ್ಚೂ ಕಡಮೆ. ಯಾವ ಬಗೆಯದನ್ನು ಆರಿಸಿದರೂ ಹೊರಡುವ ಎರಡು ತಿಂಗಳ ಮುಂಚಿನಿಂದ ತೊಡೆ ಮೊಣಕಾಲುಗಳನ್ನು ಹದಗೊಳಿಸಬೇಕು. ಉಚ್ಚಂಗಿದುರ್ಗದ ಮೆಟ್ಟಿಲುಗಳು, ಗುಡೇಕೋಟೆಯ ಕಲ್ಲುಗುಡ್ಡ, ರಾಮನದುರ್ಗದ ದಾರಿ ಇರುವಾಗ ಇದಕ್ಕೆಂದು ಹಣ ಕೊಟ್ಟು ಯಂತ್ರಗಳ ಮೇಲೆ ಓಡಬೇಕಾದುದಿಲ್ಲ. ಗುಡೇಕೋಟೆಯ ಕಡೆ ಮಾತ್ರ ಮುಂಗತ್ತಲೆಯಲ್ಲಿ ಒಂಟಿಯಾಗಿ ಹೋಗಬೇಡಿರಿ. ಅದು ಕರಡಿಧಾಮದ ನೆರೆ.

ಅಪಾಯದ ಮಾತನ್ನು ಮುಚ್ಚಿಟ್ಟು ಬರೆಯುವುದು ನಮಗೆ ಸಮ್ಮತವಲ್ಲ. ೨೦೨೩ರ ಫೆಬ್ರವರಿ ೧ರಂದು ಅಫರ್ವತ್ ಬೆಟ್ಟದಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಮಡಿದರು. ೨೦೨೪ರ ಫೆಬ್ರವರಿ ೨೨ರಂದು, ಅದೇ ಕ್ರೀಡೆಗಳು ನಡೆಯುತ್ತಿದ್ದ ವಾರದಲ್ಲಿಯೇ, ರಷ್ಯಾದ ಒಬ್ಬರು ಪ್ರಾಣ ಕಳೆದುಕೊಂಡರು. ಇವರೆಲ್ಲ ಗುರುತುಮಾಡಿದ ಎಲ್ಲೆಯ ಹೊರಗಿನ ಇಳಿಜಾರುಗಳಲ್ಲಿದ್ದವರು. ಹಿಮ ಕುಸಿಯುವ ಬಗೆಯನ್ನು ಹೀಗೆ ತಿಳಿಯಬಹುದು: ಓರೆಯಾದ ಹಲಗೆಯ ಮೇಲೆ ರಾಗಿಕಾಳು ಹರಡಿ, ಅದರ ಮೇಲೆ ದಪ್ಪನೆಯ ಕಂಬಳಿಯನ್ನು ಹಾಸಿದಂತೆ. ಕೆಳಗಿನ ಹಳೆಯ ಹಿಮ ಕಾಳುಕಾಳಾಗಿ ಸಡಿಲವಾಗಿರುವಾಗ ಮೇಲೆ ಹೊಸ ಹಿಮದ ಭಾರ ಬಿದ್ದರೆ, ಒಬ್ಬನ ಹೆಜ್ಜೆ ತಾಕಿದರೂ ಸಾಕು, ಇಡೀ ಪದರವೇ ಜಾರುವುದು. ಮೂವತ್ತರಿಂದ ನಲವತ್ತೈದು ಡಿಗ್ರಿಗಳ ಇಳಿಜಾರಿನಲ್ಲಿ ಇದು ಹೆಚ್ಚು. ಹೂತುಹೋದವರನ್ನು ಕಾಲು ಗಂಟೆಯೊಳಗೆ ಅಗೆದು ತೆಗೆದರೆ ಬದುಕುವ ಭರವಸೆಯುಂಟು. ಆಮೇಲೆ ಅದು ನಿಮಿಷ ನಿಮಿಷಕ್ಕೂ ಕುಗ್ಗುವುದು. ಬಹುಕಾಲದ ಬರದ ಅನಂತರ ಒಮ್ಮೆಲೇ ಭಾರಿ ಹಿಮ ಬಿದ್ದ ದಿನಗಳು ಎಲ್ಲಕ್ಕಿಂತ ಅಪಾಯದವು. ಕಾದು ಕಾದು ಬೇಸತ್ತ ಪ್ರವಾಸಿಗಳು ಮುನ್ನುಗ್ಗುವುದೂ ಅಂದೇ. ಮಗನೋ ಮಗಳೋ ದೂರವಾಣಿಯಲ್ಲಿ ಅನುಮತಿ ಕೇಳಿದಾಗ ಹಣದ ಲೆಕ್ಕಕ್ಕಿಂತ ಮೊದಲು ಈ ಒಂದು ಮಾತನ್ನು ಪಡೆದುಕೊಳ್ಳಿರಿ: ಗುರುವಿನ ಜೊತೆಯಿಲ್ಲದೆ ಹಗ್ಗ ಕಟ್ಟಿದ ಎಲ್ಲೆಯನ್ನು ದಾಟೆವು ಎಂದು. ಹೊಸಬರಿಗೆ ಎರಡನೆಯ ಹಂತದ ತೊಟ್ಟಿಲು ಗಾಡಿಯಿಂದ ಮೇಲೆ ಹೋಗಿ ಆಡುವ ಕೆಲಸವೇ ಇಲ್ಲ.

ನಾಡಿನ ಪರಿಸ್ಥಿತಿಯನ್ನೂ ವಿಚಾರಿಸದೆ ಹೊರಡಬಾರದು. ೨೦೨೫ರ ಏಪ್ರಿಲ್ ೨೨ರಂದು ಪಹಲ್ಗಾಮಿನಲ್ಲಿ ಕೊಲೆಗೀಡಾದ ೨೬ ಮಂದಿಯಲ್ಲಿ ಕನ್ನಡನಾಡಿನವರೂ ಇದ್ದರು. ಅದರ ಬಳಿಕ ಕಣಿವೆಯ ಅನೇಕ ತಾಣಗಳನ್ನು ಕೆಲಕಾಲ ಮುಚ್ಚಲಾಗಿತ್ತು. ಅದೇ ವರ್ಷದ ಜೂನಿನಲ್ಲಿ ಕಟ್ರಾದಿಂದ ಶ್ರೀನಗರದವರೆಗೆ ರೈಲು ಓಡತೊಡಗಿತು. ಶ್ರೀನಗರದಿಂದ ಗುಲ್ಮಾರ್ಗಿಗೆ ಸುಮಾರು ಐವತ್ತು ಕಿಲೋಮೀಟರು. ತಂಗ್ಮಾರ್ಗಿನಿಂದ ಮೇಲಿನ ಘಟ್ಟದಲ್ಲಿ ಹಿಮ ಬಿದ್ದಿರುವಾಗ ಗಾಲಿಗಳಿಗೆ ಸರಪಳಿ ಕಟ್ಟಿದ ಗಾಡಿಯೇ ಬೇಕಾಗುವುದು.

ಕೊನೆಗೆ ಹಣದ ವಿಷಯ. ಹಿಮ ಬಾರದೆ ಶಿಕ್ಷಣವು ರದ್ದಾದರೆ ಕಟ್ಟಿದ ಹಣ ಹಿಂದಿರುಗುವುದೇ, ಬೇರೆ ದಿನಾಂಕ ಕೊಡುವರೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯದೆ ಮುಂಗಡ ಕಳುಹಿಸಬಾರದು. ಅಪಘಾತದ ವಿಮೆ ಮಾಡಿಸಿದ್ದರೆ ಅದರ ಷರತ್ತುಗಳಲ್ಲಿ ಸ್ಕೀಯಿಂಗನ್ನು ಹೊರಗಿಟ್ಟಿರುವರೇ ಎಂದು ನೋಡಬೇಕು. ಅನೇಕ ವಿಮೆಗಳಲ್ಲಿ ಹೊರಗಿಟ್ಟಿರುವರು. ಹಿಂದಿರುಗುವ ದಿನಕ್ಕೆ ಮುಂಚೆ ಎರಡು ದಿನ ಬಿಡುವಿರಲಿ, ದಾರಿ ಮುಚ್ಚುವುದು ಸಾಮಾನ್ಯ. ಕ್ರಿಸ್ಮಸ್ ರಜೆಯಲ್ಲಿ ಜನ ಹೆಚ್ಚು, ಬೆಲೆ ಹೆಚ್ಚು, ಹಿಮ ಮಾತ್ರ ಅನಿಶ್ಚಿತ. ಈಚಿನ ವರ್ಷಗಳನ್ನು ನೋಡಿದರೆ ಫೆಬ್ರವರಿಯ ಮಧ್ಯದಿಂದ ಮಾರ್ಚಿಯ ಮೊದಲ ವಾರದವರೆಗೆ ಹೊರಡುವುದು ವಾಸಿ. ಮಾಘಮಾಸದ ಕೊಟ್ಟೂರೇಶ್ವರನ ತೇರು ಬರುವುದೂ ಆ ದಿನಗಳಲ್ಲಿಯೇ. ತೇರನ್ನು ನೋಡಿಕೊಂಡು ಮಾರನೆಯ ದಿನ ಹೊರಟರೂ ತಡವಾಗದು.